ಶಾಂತವೇರಿ ಗೋಪಾಲಗೌಡ್ರು ಒಂದ್ಸಲಾನೂ ಮಂತ್ರಿ ಆಗ್ಲಿಲ್ಲ, ಆದ್ರೂ ನಮ್ಮ ಕಡೆ ಇಷ್ಟು ನೆನಪು ಯಾಕೆ?

ಹೊಸನಗರ_ಹುಡುಗಿ:

ಎಲ್ರಿಗೂ ನಮಸ್ಕಾರ. ನಾನು ಹೊಸನಗರ ತಾಲ್ಲೂಕಿನವಳು, ಈಗ ಕೆಲಸಕ್ಕೆ ಅಂತ ಬೆಂಗಳೂರಲ್ಲಿದೀನಿ. ದಿನಾ ಬಸ್ಸಲ್ಲಿ ವಿಧಾನಸೌಧದ ಹತ್ರ ಗೋಪಾಲಗೌಡ ಸರ್ಕಲ್ ದಾಟಿಕೊಂಡು ಹೋಗ್ತೀನಿ. ಮೊನ್ನೆ ಜೊತೆಗೆ ಕೆಲಸ ಮಾಡೋ ಹುಡುಗಿ ಇದ್ಯಾರೇ ಗೋಪಾಲಗೌಡ ಅಂತ ಕೇಳಿದ್ಲು, ನಮ್ಮ ಕಡೆಯವ್ರು, ಸಮಾಜವಾದಿ ಅನ್ನೋದು ಬಿಟ್ರೆ ಮುಂದೆ ಏನೂ ಹೇಳೋಕೆ ಬರ್ಲಿಲ್ಲ, ನಿಜವಾಗ್ಲೂ ಬೇಜಾರಾಯ್ತು.

ನಮ್ಮಜ್ಜಿ ಪ್ರತಿ ಎಲೆಕ್ಷನ್ ಬಂದಾಗ್ಲೂ "ಗೋಪಾಲಗೌಡ್ರಂಥೋರು ಇನ್ನು ಹುಟ್ಟಲ್ಲ ಮಗಾ" ಅಂತಾರೆ, ಅಷ್ಟು ಹೇಳಿ ಅಡಿಕೆ ಕತ್ತರಿಸ್ತಾ ಕೂತ್ಕೋತಾರೆ, ಮುಂದೆ ಕೇಳಿದ್ರೆ ಮಾತಿಲ್ಲ. ಹುಡುಕಿ ಓದಿದ್ರೆ ಮೂರು ಸಲ ಎಂಎಲ್ಎ, ಮೂರೂ ಸಲ ವಿರೋಧ ಪಕ್ಷ, ಮಂತ್ರಿ ಆಗಿಲ್ಲ, 49 ವರ್ಷಕ್ಕೇ ಹೋಗ್ಬಿಟ್ರು ಅಂತಿದೆ. ಈ ರಸ್ತೆ ಅವ್ರು ಮಾಡಿಸಿದ್ದು, ಈ ಸೇತುವೆ ಅವ್ರದ್ದು ಅಂತ ತೋರ್ಸೋಕೆ ನಮ್ಮೂರಲ್ಲಿ ಏನೂ ಇಲ್ಲ. ಹಾಗಾದ್ರೆ ಒಬ್ಬ ಎಂಎಲ್ಎ ಆಗಿ ಅವ್ರು ಮಾಡಿದ್ದೇನು? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳ್ತೀರಾ, ತಪ್ಪಾಗಿ ಕೇಳಿದ್ರೆ ಕ್ಷಮಿಸಿ.

ಗೇಣಿಮನೆ_ಸಾಗರ:

ತಂಗಿ, ಗೋಪಾಲಗೌಡ್ರ ಕಥೆ ವಿಧಾನಸಭೆಯಿಂದ ಶುರು ಆಗಲ್ಲ, ಬತ್ತ ಅಳೆಯೋ ಕೊಳಗದಿಂದ ಶುರು ಆಗುತ್ತೆ. ನಮ್ಮನೆ ಅಟ್ಟದಲ್ಲಿ ಈಗ್ಲೂ ಒಂದು ಹಳೇ ಕೊಳಗ ಇದೆ, ಬಾಯಿ ಸುತ್ತ ಸವೆದು ನುಣ್ಣಗಾಗಿದೆ, ಅಪ್ಪ ಅದನ್ನ ಯಾರಿಗೂ ಕೊಡೋಕೆ ಬಿಡಲ್ಲ. ನಮ್ಮಜ್ಜಯ್ಯ ಗೇಣಿದಾರ, ಅಂದ್ರೆ ಬೇರೆಯವ್ರ ಗದ್ದೆ ಗೇಯ್ದು ಅದಕ್ಕೆ ಬತ್ತ ಕೊಡೋನು. ಒಡೇರಿಗೆ, ಅಂದ್ರೆ ಗದ್ದೆ ಮಾಲೀಕ್ರಿಗೆ, ಇಷ್ಟು ಖಂಡುಗ ಬತ್ತ ಗೇಣಿ ಅಂತ ಮಾತಾಗಿರುತ್ತೆ, ಒಂದು ಖಂಡುಗ ಅಂದ್ರೆ 20 ಕೊಳಗ. ಈಗ ಯೋಚ್ನೆ ಮಾಡು, ಅಳೆಯೋ ಕೊಳಗಾನೇ ಸ್ವಲ್ಪ ದೊಡ್ಡದು ಮಾಡಿಸ್ಕೊಂಡು ಬಂದ್ರೆ? ಒಂದು ಕೊಳಗಕ್ಕೆ ಒಂದೆರಡು ಹಿಡಿ ಜಾಸ್ತಿ ಹೋಗಿದ್ದು ಕಣ್ಣಿಗೆ ಕಾಣಲ್ಲ, ಹತ್ತು ಖಂಡುಗ ಅಳೆದು ಮುಗಿಯೋ ಹೊತ್ತಿಗೆ ಇನ್ನೂರು ಸಲ ಹೋಗಿರುತ್ತೆ, ಕಣ ಬರಿದಾಗಿರುತ್ತೆ. ವರ್ಷ ಪೂರ್ತಿ ಗೇಯ್ದೋನ ಮನೇಲಿ ಮಳೆಗಾಲಕ್ಕೆ ಬತ್ತ ಇಲ್ಲ. ಅದರ ಮೇಲೆ ಕೊಟ್ಟಿದ್ದಕ್ಕೆ ರಶೀದಿ ಇಲ್ಲ, ನಾಳೆ ಕೊಟ್ಟೇ ಇಲ್ಲ ಅಂದ್ರೂ ಕೇಳೋರಿಲ್ಲ, ಗದ್ದೆ ಬಿಡು ಅಂದ್ರೆ ಬಿಡ್ಬೇಕು.

ಸಾಗರ ತಾಲ್ಲೂಕಿನ ಕಾಗೋಡಲ್ಲಿ ದೀವರ ಜಾತಿಯ ಗೇಣಿದಾರ್ರು ಇನ್ನು ನಾವು ಈ ದೊಡ್ಡ ಕೊಳಗದಲ್ಲಿ ಅಳೆಯಲ್ಲ ಅಂತ ತಿರುಗಿ ನಿಂತ್ರು. ಅವ್ರನ್ನ ಸಂಘ ಕಟ್ಟಿ ನಿಲ್ಲಿಸಿದ್ದು ಎಚ್. ಗಣಪತಿಯಪ್ಪನವ್ರು, ಇದನ್ನ ಮರೀಬಾರ್ದು, ಯಾಕಂದ್ರೆ ತುಂಬ ಜನ ಗೋಪಾಲಗೌಡ್ರ ಹೆಸರು ಹೇಳಿ ಅವ್ರನ್ನ ಬಿಟ್ಬಿಡ್ತಾರೆ. ಒಡೇರು ಗದ್ದೆಯಿಂದ ಎಬ್ಬಿಸೋಕೆ ಹೊರಟಾಗ 1951ರ ಏಪ್ರಿಲಲ್ಲಿ ಸತ್ಯಾಗ್ರಹ ಶುರು. ನೇಗಿಲು ಹೊತ್ಕೊಂಡು ಅದೇ ಗದ್ದೆಗೆ ಇಳಿಯೋದು, ಪೊಲೀಸ್ರು ಹಿಡ್ಕೊಂಡು ಹೋಗೋದು, ಮಾರನೇ ದಿನ ಮತ್ತೊಂದು ತಂಡ ಇಳಿಯೋದು. ಗೋಪಾಲಗೌಡ್ರು ಮತ್ತೆ ಅವ್ರ ಸಮಾಜವಾದಿ ಪಕ್ಷದವ್ರು ಇದರ ಜೊತೆ ನಿಂತಿದ್ದಕ್ಕೇ ಒಂದು ಊರಿನ ಜಗಳ ದೇಶದ ಸುದ್ದಿ ಆಯ್ತು, ಜೂನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾನೇ ಬಂದು ಅರೆಸ್ಟ್ ಆದ್ರು. ಗೌಡ್ರ ಜಾತಿ ಬೇರೆ, ಗೇಣಿದಾರ್ರ ಜಾತಿ ಬೇರೆ, ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ.

ತೀರ್ಥಹಳ್ಳಿ_ಮೇಷ್ಟ್ರು:

ಮೇಲಿನವ್ರು ಸರಿಯಾಗಿ ಹೇಳಿದಾರೆ. ನಾನು ರಿಟೈರ್ಡ್ ಮೇಷ್ಟ್ರು, ಎಲೆಕ್ಷನ್ ಲೆಕ್ಕ ಸ್ವಲ್ಪ ಹೇಳ್ತೀನಮ್ಮ.

ಅವ್ರು ಹುಟ್ಟಿದ್ದು 1923ರಲ್ಲಿ, ನಮ್ಮ ತೀರ್ಥಹಳ್ಳಿ ತಾಲ್ಲೂಕು ಆರಗದ ಹತ್ರ ಶಾಂತವೇರಿ. ಓದೋ ವಯಸ್ಸಲ್ಲೇ 1942ರ ಚಳವಳಿಗೆ ಧುಮುಕಿ ಜೈಲಿಗೆ ಹೋದೋರು. ಕಾಗೋಡಿನ ಬಿಸಿ ಆರೋ ಮುಂಚೆ 1952ರಲ್ಲಿ ಮೊದಲ ಚುನಾವಣೆ ಬಂತು, ಸಾಗರ-ಹೊಸನಗರದಿಂದ ಸಮಾಜವಾದಿ ಪಕ್ಷದಿಂದ ನಿಂತ್ರು. ಎದುರಿಗೆ ಕಾಂಗ್ರೆಸ್ಸಿನ ಎ.ಆರ್. ಬದರಿನಾರಾಯಣ, ಹಣ ಹೆಸರು ಎರಡೂ ಇದ್ದೋರು. ಗೌಡ್ರಿಗೆ ಇನ್ನೂ 29 ತುಂಬಿರ್ಲಿಲ್ಲ, ಕೈಲಿ ಕಾಸಿಲ್ಲ, ಆದ್ರೂ ಗೆದ್ರು. ಒಂದು ಓಟು ಜೊತೆಗೊಂದು ನೋಟು ಕೊಡಿ ಅಂತ ಜನರ ಹತ್ರಾನೇ ಕೇಳಿ ಎಲೆಕ್ಷನ್ ಮಾಡ್ತಿದ್ರು ಅನ್ನೋ ಮಾತು ನಮ್ಮ ಕಡೆ ಹಿರಿಯರ ಬಾಯಲ್ಲಿ ಈಗ್ಲೂ ಇದೆ. ಈಗ ಓಟು ಹಾಕೋನಿಗೇ ನೋಟು ಕೊಡೋ ಕಾಲ, ಇದನ್ನ ನಮ್ಮ ಮೊಮ್ಮಕ್ಕಳಿಗೆ ಹೇಳಿದ್ರೆ ನಂಬಲ್ಲ, ಅದಕ್ಕೇ ಹೊಟ್ಟೆ ಉರಿಯುತ್ತೆ.

1957ರಲ್ಲಿ ಸೋತ್ರು. ಆಮೇಲೆ 1962 ಮತ್ತೆ 1967, ಎರಡು ಸಲ ತೀರ್ಥಹಳ್ಳಿಯಿಂದ ಗೆದ್ರು. ನೀನು ಮಾಡಿದ್ದೇನು ಅಂತ ಕೇಳ್ದೆ ಅಲ್ವಾ, ಮಾತಾಡಿದ್ರು ಕಣಮ್ಮ. ಇದು ಕೇಳೋಕೆ ಸಣ್ಣದು ಅನ್ಸುತ್ತೆ. 1952ರಲ್ಲಿ ವಿಧಾನಸೌಧ ಇನ್ನೂ ಕಟ್ತಾ ಇದ್ರು, ಸದನದ ತುಂಬ ಜಮೀನ್ದಾರ್ರು ವಕೀಲ್ರು, ಅಂಥಲ್ಲಿ ಗೇಣಿ, ಒಕ್ಕಲೆಬ್ಬಿಸೋದು, ರಶೀದಿ ಅನ್ನೋ ಮಾತನ್ನ ಮತ್ತೆ ಮತ್ತೆ ಎತ್ತಿ ಸರ್ಕಾರ ಉತ್ತರ ಕೊಡೋ ಹಾಗೆ ಮಾಡೋಕೆ ಎದೆ ಬೇಕು. ಆಡಳಿತ ಕನ್ನಡದಲ್ಲಿ ಆಗ್ಬೇಕು ಅಂತ ಹಠ ಹಿಡಿದವ್ರೂ ಅವ್ರೇ. 1956ರಲ್ಲಿ ಏಕೀಕರಣ ಆದ್ಮೇಲೂ ರಾಜ್ಯಕ್ಕೆ ಮೈಸೂರು ಅನ್ನೋ ಹೆಸರೇ ಉಳೀತಲ್ಲ, ಅದನ್ನ ಕರ್ನಾಟಕ ಅಂತ ಮಾಡಿ ಅಂತ ಸದನದಲ್ಲಿ ಪಟ್ಟು ಹಿಡಿದ್ರು. ಹೆಸರು ಬದಲಾಗಿದ್ದು 1973ರ ನವೆಂಬರ್ 1ಕ್ಕೆ, ಅವ್ರು ತೀರಿಕೊಂಡಿದ್ದು 1972ರ ಜೂನ್ 9ಕ್ಕೆ. ಒಂದೂವರೆ ವರ್ಷಾನೂ ಇಲ್ಲ ನೋಡು ಮಧ್ಯೆ.

ಇನ್ನೊಂದು. ಅವ್ರು ಓಡಾಡಿದ ನೆಲದಿಂದಾನೇ ಮುಂದಿನವ್ರು ಎದ್ರು, 1967ರಲ್ಲಿ ಸೊರಬದಿಂದ ಬಂಗಾರಪ್ಪ, ಅದೇ ವರ್ಷ ಶಿವಮೊಗ್ಗದಿಂದ ಲೋಕಸಭೆಗೆ ಜೆ.ಎಚ್. ಪಟೇಲ್. ಪಟೇಲ್ರು ಲೋಕಸಭೇಲಿ ಎದ್ದು ಕನ್ನಡದಲ್ಲಿ ಮಾತಾಡಿದ್ರಲ್ಲ, ಆ ಧೈರ್ಯ ಎಲ್ಲಿಂದ ಬಂತು ಅಂತ ನಮಗೆ ಗೊತ್ತು.

ಪಂಚಾಯ್ತಿ_ಕಟ್ಟೆ:

ಎಲ್ಲಾ ಒಪ್ತೀನಿ ಸಾರ್, ಆದ್ರೆ ಗೋಪಾಲಗೌಡ್ರ ಹೆಸರು ಹೇಳಿ ಈಗಿನ ಎಂಎಲ್ಎಗಳನ್ನೆಲ್ಲ ಒಂದೇ ಸಮ ಬೈಯೋದು ನಂಗೆ ಸರಿ ಕಾಣಲ್ಲ. ನಾನು ಎರಡು ಅವಧಿ ಗ್ರಾಮ ಪಂಚಾಯ್ತಿ ಮೆಂಬರ್ ಆಗಿದ್ದೆ, ಕೆಲಸದ ಮೇಲೆ ನಮ್ಮ ಶಾಸಕರ ಮನೆಗೆ ಹೋಗಿ ಕಾದು ನೋಡಿದೀನಿ. ಬೆಳಿಗ್ಗೆ ಆರೂವರೆಗೇ ಅಂಗಳ ತುಂಬ ಜನ. ಒಬ್ರಿಗೆ ಟ್ರಾನ್ಸ್ಫರ್ ಲೆಟರ್, ಒಬ್ರಿಗೆ ಆಸ್ಪತ್ರೆ ಬಿಲ್ ಕಮ್ಮಿ ಮಾಡ್ಸಿ ಅಂತ, ಒಬ್ರ ಊರಲ್ಲಿ ಟಿಸಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಸುಟ್ಟು ಮೂರು ದಿನ ಆಗಿದೆ, ಒಬ್ರು ಮಗಳ ಮದುವೆ ಕಾಗದ ಹಿಡ್ಕೊಂಡು ನಿಂತಿದಾರೆ, ಬರ್ಲೇಬೇಕು, ಬರ್ದಿದ್ರೆ ಮುಂದಿನ ಸಲ ಆ ಊರಿನ ಓಟಿಲ್ಲ. ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ ಮಾಡೋ ಬಗರ್ ಹುಕುಂ ಸಮಿತಿಗೆ ಶಾಸಕರೇ ಅಧ್ಯಕ್ಷರು, ಬಡವರಿಗೆ ಮನೆ ಹಂಚೋ ಆಶ್ರಯ ಸಮಿತಿಗೂ ಅವ್ರೇ, ಸಕ್ರಮದ ಅರ್ಜಿ ಫಾರಂ 50, 53, 57 ಅಂತ ಹಿಡ್ಕೊಂಡು ಬಂದ ರೈತನಿಗೆ ಅವ್ರ ಸಹಿಯೇ ದೇವ್ರು. ಕ್ಷೇತ್ರಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ನೂರಾರು ಹಳ್ಳಿ ಇರೋ ಮಲೆನಾಡಿನ ಕ್ಷೇತ್ರಕ್ಕೆ ಅದು ಎಲ್ಲಿಗೆ ಸಾಲುತ್ತೆ, ಹಳ್ಳ ದಾಟೋಕೆ ಒಂದೊಂದು ಕಾಲುಸಂಕ ಹಾಕಿದ್ರೂ ಮುಗಿದೋಯ್ತು. ಇಷ್ಟರ ಮಧ್ಯೆ ಸದನಕ್ಕೆ ಹೋಗಿ ಓದ್ಕೊಂಡು ಮಾತಾಡು ಅಂದ್ರೆ ಯಾವಾಗ ಓದ್ಬೇಕು?

ಮತ್ತೆ ನಾವೂ ಹಾಗೇ ಇದೀವಿ. ಸದನದಲ್ಲಿ ಚೆನ್ನಾಗಿ ಪ್ರಶ್ನೆ ಕೇಳಿದ್ರು ಅಂತ ನಾನು ಯಾರಿಗೂ ಓಟು ಹಾಕಿಲ್ಲ, ನಿಜ ಹೇಳ್ತೀನಿ. ನಮ್ಮ ರಸ್ತೆ ಆಯ್ತಾ ಅಂತಾನೇ ನೋಡಿರೋದು. ಗೋಪಾಲಗೌಡ್ರನ್ನೂ ಇದೇ ಜನ 1957ರಲ್ಲಿ ಸೋಲಿಸಿದ್ರಲ್ಲ.

ಗೇಣಿಮನೆ_ಸಾಗರ:

@ಪಂಚಾಯ್ತಿ_ಕಟ್ಟೆ ಅಣ್ಣ, ನಿಮ್ಮ ಮಾತು ಸುಳ್ಳಲ್ಲ, ಅಂಗಳದಲ್ಲಿ ಕಾಯೋರ ಕಷ್ಟ ನಮಗೂ ಗೊತ್ತು. ಆದ್ರೆ ಒಂದು ಹೇಳ್ತೀನಿ, ನಮ್ಮಜ್ಜಯ್ಯ ಯಾವ ಎಂಎಲ್ಎ ಅಂಗಳದಲ್ಲೂ ಕಾದು ನಿಂತು ಗದ್ದೆ ತಗೊಂಡಿಲ್ಲ. 1961ರ ಭೂ ಸುಧಾರಣೆ ಕಾಯ್ದೆ ಜಾರಿಗೆ ಬಂದಿದ್ದೇ 1965ರಲ್ಲಿ, ಅದರಲ್ಲೂ ಒಡೇರಿಗೆ ನುಣುಚ್ಕೊಳ್ಳೋಕೆ ಬೇಕಾದಷ್ಟು ದಾರಿ ಇತ್ತು. ಮುಖ್ಯಮಂತ್ರಿ ಆಗಿದ್ದ ದೇವರಾಜ ಅರಸು ತಿದ್ದುಪಡಿ ತಂದು 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಎಲ್ಲಾ ಸರ್ಕಾರಕ್ಕೆ, ಅಲ್ಲಿಂದ ಉಳೋನಿಗೆ ಅಂತ ಆದ್ಮೇಲೆ ತಾಲ್ಲೂಕಿಗೊಂದು ಭೂ ನ್ಯಾಯ ಮಂಡಳಿ ಕೂತ್ಕೊಂತು. ಫಾರಂ ನಂಬರ್ 7 ತುಂಬಿ ಡಿಕ್ಲರೇಶನ್ ಕೊಡೋದು, ವಿಚಾರಣೆಗೆ ಹೋಗೋದು, ಅಷ್ಟೇ. ಅಜ್ಜಯ್ಯನಿಗೆ ಅದು ಹಕ್ಕು, ಉಪಕಾರ ಅಲ್ಲ. ಮಂಡಳಿ ಮುಂದೆ ಒಡೇರ ಎದುರೇ ನಿಂತು ಈ ಗದ್ದೆ ಗೇಯ್ದೋನು ನಾನೇ ಅಂತ ಹೇಳಿದ್ರಂತೆ, ಹೇಳೋವಾಗ ಹೆಗಲ ಮೇಲಿನ ಟವಲ್ ತೆಗೀಲಿಲ್ಲ ಅಂತ ಅಪ್ಪ ಇವತ್ತಿಗೂ ಹೇಳ್ತಾರೆ.

ಕಾಯ್ದೆ ತಂದಿದ್ದು ಅರಸು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅದನ್ನ ತರ್ಲೇಬೇಕು ಅನ್ನೋ ಹಾಗೆ ಇಪ್ಪತ್ತು ವರ್ಷ ಗಂಟಲು ಹರ್ಕೊಂಡೋರು ಕಾಯ್ದೆ ನೋಡೋಕೆ ಇರ್ಲಿಲ್ಲ. ಎಂಎಲ್ಎ ಅಂದ್ರೆ ಶಾಸನ ಮಾಡೋನು ತಾನೇ, ಶಾಸಕ ಅನ್ನೋ ಪದದಲ್ಲೇ ಇದೆ. ಅದೇ ಕಾಗೋಡಿನಿಂದ ಬಂದ ತಿಮ್ಮಪ್ಪನವ್ರು ಮುಂದೆ 2013ರಲ್ಲಿ ವಿಧಾನಸಭೆ ಸ್ಪೀಕರ್ ಆಗಿ, 2016ರಲ್ಲಿ ಕಂದಾಯ ಮಂತ್ರಿ ಆದ್ರು. ಗೇಣಿ ಅಳೆದ ಊರಿನವ್ರು ಕಂದಾಯ ಇಲಾಖೆ ಕುರ್ಚೀಲಿ ಕೂತಿದ್ದು ನೋಡಿ ಅಪ್ಪನ ಕಣ್ಣು ತುಂಬಿ ಬಂದಿತ್ತು.

ಪಂಚಾಯ್ತಿ_ಕಟ್ಟೆ:

ಟವಲ್ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಮ್ಮ ತಂದೆದೂ ಡಿಕ್ಲರೇಶನ್ ಜಾಗಾನೇ. ಅವ್ರ ಕೇಸ್ ಹೇಗೆ ನಡೀತು ಅಂತ ನಾನು ಒಂದು ದಿನಾನೂ ಕೇಳಿರ್ಲಿಲ್ಲ.

ಹೊಸನಗರ_ಹುಡುಗಿ:

ಎಲ್ರಿಗೂ ತುಂಬ ಥ್ಯಾಂಕ್ಸ್, ಮೇಷ್ಟ್ರೇ ನಿಮಗೆ ವಿಶೇಷವಾಗಿ. ಇದನ್ನೆಲ್ಲ ಓದಿ ತಡ್ಕೊಳೋಕಾಗ್ದೆ ನಿನ್ನೆ ರಾತ್ರಿ ಅಜ್ಜಿಗೆ ಫೋನ್ ಮಾಡ್ದೆ. ಅಜ್ಜಿ, ನಮ್ಮದೂ ಗೇಣಿ ಗದ್ದೆ ಆಗಿತ್ತಾ ಅಂತ ಕೇಳಿದ್ದಕ್ಕೆ, ಮತ್ತೆ ಯಾರ್ದು ಅನ್ಕೊಂಡಿದ್ಯೇ, ಅಂದ್ರು. ಮದುವೆಯಾಗಿ ಬಂದ ಹೊಸ್ತಿಲ್ಲಿ ಕಣದಲ್ಲಿ ಬತ್ತ ಅಳೆಯೋ ದಿನ ಹೆಂಗಸ್ರು ಯಾರೂ ಅಡಿಗೆ ಮನೆಯಿಂದ ಹೊರಗೆ ಬರ್ತಿರ್ಲಿಲ್ವಂತೆ, ನೋಡೋಕೆ ಆಗ್ತಿರ್ಲಿಲ್ಲ ಅಂತ. ಅಜ್ಜಿ ಗೋಪಾಲಗೌಡ್ರನ್ನ ಯಾವತ್ತೂ ನೋಡೇ ಇಲ್ಲ! ಅಜ್ಜ ಅವ್ರ ಭಾಷಣ ಕೇಳೋಕೆ ನಡ್ಕೊಂಡು ಹೋಗಿ ಬಂದು, ಇಂಥಿಂಥದ್ದು ಹೇಳಿದ್ರು ಅಂತ ಊಟದ ಹೊತ್ತಲ್ಲಿ ಹೇಳಿದ್ದಷ್ಟೇ ಅವ್ರಿಗೆ ಗೊತ್ತಿರೋದು.

ಡಿಕ್ಲರೇಶನ್ ಕಾಗದ ಟ್ರಂಕಲ್ಲಿ ಇದೆಯಂತೆ, ಅಜ್ಜನ ಮದುವೆ ಪಂಚೆ ಒಳಗೆ ಸುತ್ತಿಟ್ಟಿದಾರೆ. ಸರ್ವೆ ನಂಬರ್ ಎಷ್ಟು ಅಜ್ಜಿ ಅಂದೆ. ಓದೋಕೆ ಬರೀಯೋಕೆ ಬರಲ್ಲ ಅವ್ರಿಗೆ, ಬಾಯಲ್ಲೇ ಹಿಸ್ಸಾ ಸಮೇತ ಹೇಳಿದ್ರು. ಮುಂದಿನ ವಾರ ಊರಿಗೆ ಹೋಗ್ತಿದೀನಿ, ಟ್ರಂಕ್ ತೆಗಿಸ್ತೀನಿ.