ನಾಲ್ಕು ಪರದೆ, ಐದು ಜನ

ರಜೆ ದಿನ ಮಧ್ಯಾಹ್ನ ನಾಲ್ಕು ಗಂಟೆಗೆ ಗುಂಡ ಮೊಬೈಲ್ ಮುಂದೆ ಹಿಡಿದು ಓದತೊಡಗಿದ. ಹತ್ತಿರದ ಥಿಯೇಟರಿನಲ್ಲಿ ನಾಲ್ಕು ಪರದೆ. ನಾಲ್ಕರಲ್ಲೂ ಬೇರೆ ಬೇರೆ ಸಿನಿಮಾ. ನಾವು ಐದು ಜನ. ತೊಂದರೆ ಶುರುವಾಗಿದ್ದೇ ಅಲ್ಲಿ.

"ಒಂದನೇ ಸ್ಕ್ರೀನಲ್ಲಿ ಹೊಡೆದಾಟದ್ದು, ಮೂರನೇ ಭಾಗ. ಎರಡನೇದರಲ್ಲಿ ದೆವ್ವದ್ದು. ಮೂರನೇದರಲ್ಲಿ ಒಂದು ಮನೆತನದ ಕಥೆ, ನೋಡಿದವರೆಲ್ಲ ಅತ್ತಿದ್ದಾರಂತೆ. ನಾಲ್ಕನೇದು ಕಾರ್ಟೂನು, ತ್ರೀಡಿ."

"ಹೆಸರು ಹೇಳೋ" ಅಂದಳು ಪದ್ದಿ.

"ಹೆಸರು ಕಟ್ಕೊಂಡು ಏನು ಮಾಡ್ತೀಯ? ಟಿಕೆಟ್ ಮೇಲೆ ಇರುತ್ತೆ."

ಅವನ ಮಾತೂ ಸರಿಯೇ. ನಮ್ಮಲ್ಲಿ ಯಾರಿಗೂ ಸಿನಿಮಾದ ಹೆಸರು ನೆನಪಿರುವುದಿಲ್ಲ. 'ಕೋಟು ಹಾಕ್ಕೊಂಡು ಹೆಲಿಕಾಪ್ಟರಿಂದ ಜಿಗೀತಾನಲ್ಲ, ಅದು' ಅಂದರೆ ತಟ್ಟನೆ ಗೊತ್ತಾಗುತ್ತದೆ.

ಮೊದಲು ವಿಚಾರಣೆಗೆ ಬಂದದ್ದು ಆ ಹೆಲಿಕಾಪ್ಟರಿನದ್ದೇ. ಮೊದಲ ಎರಡು ಭಾಗ ಯಾರು ನೋಡಿದ್ದೀರಿ ಅಂತ ಕೇಳಿದರೆ ಕೈ ಎತ್ತಿದವನು ಸೀನ ಒಬ್ಬನೇ. ಅದೂ ಎರಡನೇದು ಮಾತ್ರ, ಅದರಲ್ಲೂ ಅರ್ಧ ನಿದ್ದೆ.

"ಎರಡನೇ ಭಾಗದಲ್ಲಿ ವಿಲನ್ ಸತ್ತನಾ?" ಅಂದೆ.

"ಸತ್ತ. ಅಷ್ಟು ಹೊತ್ತಿಗೆ ನನಗೆ ಎಚ್ಚರ ಆಗಿತ್ತು."

"ಹಾಗಾದರೆ ಮೂರನೇದರಲ್ಲಿ ವಿಲನ್ ಯಾರು?"

ಗುಂಡ ಪೋಸ್ಟರನ್ನು ದೊಡ್ಡದು ಮಾಡಿ ನೋಡಿದ. "ಅವನೇ ಕಣೋ. ಗಡ್ಡ ಬಿಟ್ಟಿದ್ದಾನೆ."

"ಸತ್ತ ಮೇಲೆ ಬಿಟ್ಟನಾ?"

ಇದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಸೀನ ಮಾತ್ರ ಅರ್ಧ ನಿದ್ದೆ ಮಾಡಿದ್ದಕ್ಕೆ ಸ್ವಲ್ಪ ನಾಚಿಕೊಂಡ. ಆಗ ಕಿಟ್ಟಣ್ಣ ಅವನ ಸಹಾಯಕ್ಕೆ ಬಂದರು. ಕಿಟ್ಟಣ್ಣ ನಮಗಿಂತ ಹಿರಿಯರು. ರೀಲಿನ ಕಾಲದಲ್ಲಿ ಒಂದು ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು. ಸಿನಿಮಾದ ವಿಷಯದಲ್ಲಿ ಅವರು ಬಾಯಿ ತೆಗೆದರೆ ನಾವು ಸುಮ್ಮನಾಗುತ್ತೇವೆ, ಹೆಚ್ಚೆಂದರೆ ಐದು ನಿಮಿಷ.

"ಅದರಲ್ಲಿ ನಾಚಿಕೆ ಏನು ಬಂತು? ರೀಲಿನ ಕಾಲದಲ್ಲಿ ಹೆಚ್ಚುಕಮ್ಮಿ ಅರ್ಧ ಹೊತ್ತು ಪರದೆ ಮೇಲೆ ಕತ್ತಲೇ ಇರ್ತಿತ್ತು. ಸೆಕೆಂಡಿಗೆ 24 ಚಿತ್ರ. ಒಂದು ಚಿತ್ರ ಸರಿದು ಇನ್ನೊಂದು ಬಂದು ಕೂರೋವರೆಗೆ ಶಟರ್ ಅಡ್ಡ ಬರಬೇಕು. ಇಲ್ಲದಿದ್ದರೆ ಎಲ್ಲ ಕಲಸಿಹೋಗುತ್ತೆ. ಕಣ್ಣಿಗೆ ಅದು ಗೊತ್ತಾಗಲ್ಲ ಅಷ್ಟೇ."

"ನೋಡಿ, ನಾನು ನಿದ್ದೆ ಮಾಡಿದ್ದು ಆ ಕತ್ತಲಲ್ಲೇ" ಅಂದ ಸೀನ.

ದೆವ್ವದ ಸಿನಿಮಾಗೆ ನಾನೇ ಅಡ್ಡಗಾಲು ಹಾಕಿದೆ. ಭಯ ಅಂತ ಒಪ್ಪಿಕೊಳ್ಳಲಿಲ್ಲ, ಸೌಂಡು ಜಾಸ್ತಿ ಇರುತ್ತೆ, ಕಿವಿಗೆ ಆಗಲ್ಲ ಅಂದೆ. ಪದ್ದಿ ನನ್ನ ಮುಖವನ್ನೇ ನೋಡಿದಳು. ಹೋದ ಸಲ ಇಂಥದ್ದೇ ಒಂದಕ್ಕೆ ಹೋದಾಗ ಇಡೀ ಸಿನಿಮಾ ನಾನು ಶೂ ಲೇಸು ಕಟ್ಟಿದ್ದು ಅವಳಿಗೆ ನೆನಪಿದೆ. ಶೂ ಇದ್ದದ್ದು ಎರಡೇ.

"ಆ ಸದ್ದು ಪರದೆ ಹಿಂದಿನಿಂದ ಬರುತ್ತೆ, ಗೊತ್ತಾ?" ಅಂದರು ಕಿಟ್ಟಣ್ಣ. "ಪರದೆ ತುಂಬ ಸೂಜಿಮೊನೆಯಷ್ಟು ತೂತು ಇರ್ತವೆ. ಹತ್ತಿರ ಹೋದರೆ ಕಾಣುತ್ತೆ. ಮಾತು ನಟನ ಬಾಯಿಂದಲೇ ಬಂದ ಹಾಗಿರಲಿ ಅಂತ ಸ್ಪೀಕರನ್ನು ಹಿಂದೆ ಇಡ್ತಾರೆ. ತೂತಿಲ್ಲದಿದ್ದರೆ ಸದ್ದು ಅಲ್ಲೇ ಉಸಿರುಕಟ್ಟಿ ಸಾಯುತ್ತೆ."

ನನಗೆ ಇದರಿಂದ ಧೈರ್ಯವೇನೂ ಬರಲಿಲ್ಲ. ದೆವ್ವ ಪರದೆ ಮೇಲಷ್ಟೇ ಅಂದುಕೊಂಡಿದ್ದೆ, ಈಗ ಹಿಂದೆಯೂ ಇದೆ ಅಂತ ಗೊತ್ತಾಯಿತು.

ಕಾರ್ಟೂನಿಗೆ ಪದ್ದಿ ಒಪ್ಪಲಿಲ್ಲ. ಅವಳಿಗೆ ಈಗಾಗಲೇ ಕನ್ನಡಕ ಇದೆ. ಅದರ ಮೇಲೆ ತ್ರೀಡಿ ಕನ್ನಡಕ ಹಾಕಿದರೆ ಎರಡೂ ಸೇರಿ ಮೂಗಿನಿಂದ ಜಾರುತ್ತವೆ. ಒಂದು ಕೈ ಇಡೀ ಹೊತ್ತು ಮೂಗಿನ ಮೇಲೆಯೇ ಇರಬೇಕು. ಸಾಲದ್ದಕ್ಕೆ ಚಿತ್ರವೂ ಮಬ್ಬು. ಒಂದೊಂದು ಕಣ್ಣಿಗೆ ಬೇರೆ ಬೇರೆ ಚಿತ್ರ ಸೋಸಿ ಕೊಡುವಾಗ ಅರ್ಧಕ್ಕಿಂತ ಜಾಸ್ತಿ ಬೆಳಕನ್ನು ಆ ಕನ್ನಡಕವೇ ನುಂಗುತ್ತದೆ ಅಂತ ಕಿಟ್ಟಣ್ಣ ಅವಳ ಪರ ಸಾಕ್ಷಿ ಹೇಳಿದರು. ಕಾರ್ಟೂನು ಬಿತ್ತು.

ಉಳಿದದ್ದು ಅಳುವ ಸಿನಿಮಾ. "ಅಳೋಕೆ ದುಡ್ಡು ಕೊಟ್ಟು ಹೋಗಬೇಕಾ?" ಅಂತ ಸೀನ ಎದ್ದೇ ನಿಂತ. ಅವನ ಕಷ್ಟ ನಮಗೆ ಗೊತ್ತು. ಇನ್ಶೂರೆನ್ಸ್ ಜಾಹೀರಾತಿಗೂ ಕಣ್ಣು ಒರೆಸಿಕೊಳ್ಳುವ ಮನುಷ್ಯ ಅವನು.

ಐದು ಗಂಟೆಯಾಯಿತು. ನಾಲ್ಕು ಸಿನಿಮಾಗಳೂ ಬಿದ್ದಿದ್ದವು.

"ಇದೆಲ್ಲ ನಾಲ್ಕು ಪರದೆ ಬಂದದ್ದರಿಂದ ಆದ ರಗಳೆ" ಅಂದಳು ಪದ್ದಿ. "1895ರ ಡಿಸೆಂಬರ್ 28ಕ್ಕೆ ಪ್ಯಾರಿಸಿನಲ್ಲಿ ಲೂಮಿಯೇರ್ ಸಹೋದರರು ದುಡ್ಡು ತಗೊಂಡು ಸಿನಿಮಾ ತೋರಿಸಿದಾಗ 10 ಸಿನಿಮಾ ಇದ್ದವು. ಒಂದೊಂದೂ ಒಂದು ನಿಮಿಷ ಇರಲಿಲ್ಲ. ಎಲ್ಲವನ್ನೂ ಒಂದೇ ಟಿಕೆಟ್ಟಿಗೆ ತೋರಿಸಿ ಕಳಿಸಿದರು. ಯಾವುದಕ್ಕೆ ಹೋಗೋಣ ಅನ್ನೋ ಜಗಳವೇ ಇಲ್ಲ."

"ಅದೇ ಅಲ್ವಾ, ರೈಲು ಮೈಮೇಲೆ ಬಂತು ಅಂತ ಜನ ಎದ್ದು ಓಡಿದ್ದು?" ಗುಂಡನಿಗೆ ಇಂಥದ್ದು ಒಂದು ಸಿಕ್ಕರೆ ಸಾಕು.

"ಆವತ್ತಿನ ಪಟ್ಟಿಯಲ್ಲಿ ರೈಲೇ ಇರಲಿಲ್ಲ. ಅದನ್ನು ತೋರಿಸಿದ್ದು ಆಮೇಲೆ. ಜನ ಓಡಿದ್ದಕ್ಕೂ ಗಟ್ಟಿ ಸಾಕ್ಷಿ ಇಲ್ಲ. ಮೊದಲು ತೋರಿಸಿದ್ದು ಕಾರ್ಖಾನೆಯಿಂದ ಕೆಲಸಗಾರರು ಹೊರಗೆ ಬರೋದನ್ನ."

"ಅಷ್ಟೇನಾ ಕಥೆ?"

"ಅಷ್ಟೇ. ಡ್ಯೂಟಿ ಮುಗೀತು, ಎಲ್ಲರೂ ಮನೆಗೆ ಹೋದರು."

ಸೀನ ಉಸಿರು ಬಿಟ್ಟ. "ಅದಪ್ಪಾ ಸಿನಿಮಾ! ಇಂಥ ಸುಖಾಂತ್ಯ ಈಗ ಯಾರು ಮಾಡ್ತಾರೆ?"

ಕೊನೆಗೆ ಗುಂಡ ತೀರ್ಪು ಕೊಟ್ಟ. ಆರೂವರೆಗೆ ಶುರುವಾಗಿ ಒಂಬತ್ತಕ್ಕೆ ಮುಗಿಯುವುದು ಹೆಲಿಕಾಪ್ಟರ್ ಒಂದೇ. ಮಿಕ್ಕವು ಒಂದೋ ತೀರಾ ಬೇಗ, ಇಲ್ಲ ತೀರಾ ತಡ. ನನಗಂತೂ ಇದು ಮೊದಲೇ ಗೊತ್ತಿತ್ತು. ಎಷ್ಟೇ ವಾದ ಮಾಡಿದರೂ ಕೊನೆಗೆ ನಾವು ಆರಿಸುವುದು ಸಿನಿಮಾವನ್ನಲ್ಲ, ಶೋ ಟೈಮನ್ನು. ಯಾರಿಗೂ ಬೇಕಾಗಿರಲಿಲ್ಲ, ಯಾರಿಗೂ ಬೇಡವೂ ಆಗಿರಲಿಲ್ಲ. ಐದು ಜನ ಒಟ್ಟಿಗೆ ಹೋಗುವ ಸಿನಿಮಾಕ್ಕೆ ಇದಕ್ಕಿಂತ ದೊಡ್ಡ ಯೋಗ್ಯತೆ ಬೇಕಿಲ್ಲ.

ಸೀಟಿನ ಜಗಳ ಬೇಗ ಮುಗಿಯಿತು. ಗುಂಡನಿಗೆ ದಾರಿ ಪಕ್ಕದ್ದೇ ಬೇಕು, ನಡುವೆ ಎದ್ದು ಹೋಗುವ ಅಭ್ಯಾಸ. ಪರದೆಯಿಂದ ಹಿಂದಕ್ಕೆ ಮೂರರಲ್ಲಿ ಎರಡು ಪಾಲು ದೂರದಲ್ಲಿ, ನಟ್ಟನಡುವೆ ಕೂತರೆ ಸೌಂಡು ಸರಿಯಾಗಿ ಕೇಳುತ್ತೆ ಅಂದರು ಕಿಟ್ಟಣ್ಣ. ಐದು ಸೀಟು ಒಟ್ಟಿಗೆ ಖಾಲಿ ಇದ್ದದ್ದು ಮುಂದಿನಿಂದ ನಾಲ್ಕನೇ ಸಾಲಿನಲ್ಲಿ. ಅದನ್ನೇ ಒತ್ತಿದ.

ನಡೆದು ಹೋಗುವಾಗ ಕಿಟ್ಟಣ್ಣ ಹಳೇ ಕಥೆ ಬಿಚ್ಚಿದರು. ಎಷ್ಟು ಸಲ ಕೇಳಿದರೂ ನನಗೆ ಬೇಜಾರಾಗದ ಕಥೆ ಇದೊಂದೇ.

"ಎರಡೂವರೆ ಗಂಟೆ ಸಿನಿಮಾ ಅಂದರೆ 4 ಕಿಲೋಮೀಟರಿಗಿಂತ ಉದ್ದ ರೀಲು ಕಣಪ್ಪ. ಡಬ್ಬ ಹೊತ್ತು ಮೆಟ್ಟಿಲು ಹತ್ತಿದರೆ ಬೆನ್ನು ಮುರೀತಿತ್ತು. ಒಂದೊಂದು ರೀಲು ಸುಮಾರು 20 ನಿಮಿಷ. ಎರಡು ಪ್ರೊಜೆಕ್ಟರು. ಒಂದು ಓಡ್ತಿರೋವಾಗಲೇ ಇನ್ನೊಂದಕ್ಕೆ ರೀಲು ಹಾಕಿ ಕಾಯಬೇಕು. ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕಿ ಬರುತ್ತೆ. ನೀವು ಕಣ್ಣು ಮಿಟುಕಿಸಿದರೆ ಹೋಯ್ತು. ಅದು ಬಂದ ಕೂಡಲೇ ಎರಡನೇ ಮೋಟರ್ ಆನ್. ಏಳೆಂಟು ಸೆಕೆಂಡಿಗೆ ಇನ್ನೊಂದು ಚುಕ್ಕಿ. ಆಗ ಇದನ್ನು ಮುಚ್ಚಿ ಅದನ್ನು ತೆರೀಬೇಕು. ತಪ್ಪಿದರೆ ಪರದೆ ಬೆಳ್ಳಗೆ, ಕೆಳಗಿನಿಂದ ನಮ್ಮ ವಂಶದವರಿಗೆಲ್ಲ ಬೈಗುಳ."

"ಹಾಗಾದರೆ ಎಷ್ಟೊಂದು ಸಿನಿಮಾ ನೋಡಿರಬೇಕು ನೀವು!"

"ಎಲ್ಲಿ ನೋಡಿದೆ? ಬಲಗಡೆ ಮೂಲೆ ಮಾತ್ರ ನೋಡಿದ್ದೀನಿ. ಹೀರೋ ಎಡಗಡೆ ನಿಂತು ಅತ್ತಿದ್ದು, ನಕ್ಕಿದ್ದು ಒಂದೂ ಗೊತ್ತಿಲ್ಲ. ಮೂಲೆಯಲ್ಲಿರೋ ಮರ, ಗಡಿಯಾರ, ಕಿಟಕಿ ಎಲ್ಲ ಬಾಯಿಪಾಠ."

ಒಂದು ದಿನ ನಿದ್ದೆಗಣ್ಣಲ್ಲಿ ನಾಲ್ಕನೇ ರೀಲಿನ ಜಾಗಕ್ಕೆ ಐದನೇದು ಹಾಕಿದರಂತೆ. ಆಮೇಲೆ ಗೊತ್ತಾಗಿ ನಾಲ್ಕನೇದನ್ನು ಹಾಕಿದರಂತೆ. ಹೀರೋ ಮೊದಲು ಜೈಲಿನಿಂದ ಹೊರಗೆ ಬಂದ, ಆಮೇಲೆ ಕೊಲೆ ಮಾಡಿದ. ಕ್ಯಾಬಿನ್ನಿನ ಬಾಗಿಲಿಗೆ ಅಗುಳಿ ಹಾಕಿಕೊಂಡು ಏಟಿಗೆ ಕಾದು ಕೂತರೆ ಒಬ್ಬನೂ ಬರಲಿಲ್ಲ. ಶೋ ಬಿಟ್ಟ ಮೇಲೆ ಮೆಟ್ಟಿಲ ಹತ್ತಿರ ಒಬ್ಬ ಇನ್ನೊಬ್ಬನಿಗೆ, 'ಫ್ಲ್ಯಾಶ್‌ಬ್ಯಾಕ್ ಚೆನ್ನಾಗಿ ತಂದಿದ್ದಾನೆ' ಅಂತ ಹೇಳುತ್ತಿದ್ದನಂತೆ.

"ಈಗ ಆ ಮಜಾ ಇಲ್ಲ" ಅಂದರು. "ಸಿನಿಮಾ ಹಾರ್ಡ್ ಡಿಸ್ಕಲ್ಲಿ ಬರುತ್ತೆ. ಬೀಗ ಹಾಕಿರ್ತಾರೆ. ಅದನ್ನು ತೆಗೆಯೋ ಕೀ ಬೇರೆ ಬರುತ್ತೆ, ಅದೂ ಕಂಪ್ಯೂಟರ್ ಕೀ. ಈ ದಿನ ಈ ಗಂಟೆಯಿಂದ ಆ ದಿನ ಆ ಗಂಟೆವರೆಗೆ ಅಂತ ಬರೆದಿರುತ್ತೆ. ಒಂದು ನಿಮಿಷ ಮೊದಲೂ ತೆಗೆಯಲ್ಲ, ಆಮೇಲೂ ತೆಗೆಯಲ್ಲ. ಬೇರೆ ಯಂತ್ರಕ್ಕಂತೂ ಜಪ್ಪಯ್ಯ ಅಂದರೂ ಬಗ್ಗಲ್ಲ. ರೀಲು ಅದಲುಬದಲು ಮಾಡೋಣ ಅಂದರೂ ಆಗಲ್ಲ."

ಮುಟ್ಟುವಷ್ಟರಲ್ಲಿ ಆರು ಮೂವತ್ತೈದು. ಪದ್ದಿ ಓಡಿ ಅಂದಳು. ಗುಂಡ ನಿಧಾನಕ್ಕೆ ನಡೆದ. ಟ್ರೈಲರುಗಳೇ ಕಾಲು ಗಂಟೆ ಇರುತ್ತವೆ ಅನ್ನುವುದು ಅವನ ಸಿದ್ಧಾಂತ. ಟ್ರೈಲರ್ ಅಂದರೆ ಹಿಂದೆ ಎಳಕೊಂಡು ಬರುವುದು ಅಂತ ಅರ್ಥ, ಮೊದಮೊದಲು ಅದನ್ನು ಸಿನಿಮಾ ಮುಗಿದ ಮೇಲೆ ಬಾಲದ ಹಾಗೆ ತೋರಿಸುತ್ತಿದ್ದರು, ಜನ ಎದ್ದು ಹೋಗುತ್ತಾರೆ ಅಂತ ಮುಂದಕ್ಕೆ ತಂದರು ಅಂತ ಕಿಟ್ಟಣ್ಣ ಹೇಳುತ್ತಿದ್ದರು. ಯಾರೂ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಗುಂಡ ಆಗಲೇ ಒಂದನೇ ಸ್ಕ್ರೀನಿನ ಬಾಗಿಲು ತಳ್ಳಿದ್ದ.

ಒಳಗೆ ಕತ್ತಲು, ಟ್ರೈಲರು. ನಾಲ್ಕನೇ ಸಾಲಿನ ಐದು ಸೀಟೂ ಖಾಲಿ. ಕೂತೆವು. ಒಂದು ಟ್ರೈಲರಿನಲ್ಲಿ ಇಡೀ ಕಥೆ ಹೇಳಿಬಿಟ್ಟರು, ಕೊಲೆಗಾರ ಯಾರು ಅನ್ನುವುದೂ ಸೇರಿ. ಒಂದು ಸಿನಿಮಾದ ದುಡ್ಡು ಉಳಿಯಿತು.

ಆಮೇಲೆ ನಮ್ಮ ಸಿನಿಮಾ. ಒಂದು ಹಳೇ ಮನೆ. ಒಬ್ಬ ಮುದುಕ ಏನೋ ಹುಡುಕುತ್ತಿದ್ದಾನೆ. ಮೇಜಿನ ಖಾನೆ ಎಳೆದು ನೋಡುತ್ತಾನೆ, ಮುಚ್ಚುತ್ತಾನೆ. ಮತ್ತೊಂದು ಖಾನೆ.

"ಬಾಂಬ್ ಹುಡುಕ್ತಿದ್ದಾನೆ" ಅಂದ ಗುಂಡ, ಕಿವಿಯ ಹತ್ತಿರ ಬಂದು.

ಹತ್ತು ನಿಮಿಷವಾಯಿತು. ಮುದುಕ ಹಾಸಿಗೆ ಕೊಡವಿದ.

"ದೊಡ್ಡ ಹೊಡೆದಾಟಕ್ಕೆ ಮುಂಚೆ ಹೀಗೇ ತಣ್ಣಗೆ ಇಡ್ತಾರೆ. ಈಗ ನೋಡು, ಕಿಟಕಿ ಒಡಕೊಂಡು ಹೆಲಿಕಾಪ್ಟರ್ ಬರುತ್ತೆ."

ಕಿಟಕಿಯಿಂದ ಒಂದು ಗುಬ್ಬಿ ಬಂತು.

"ಇವನೇ ವಿಲನ್ನಾ?" ಅಂದೆ.

"ಇರಬೇಕು. ಗಡ್ಡ ಇದೆಯಲ್ಲ."

ಇಪ್ಪತ್ತು ನಿಮಿಷಕ್ಕೆ ಮುದುಕನ ಮಗಳು ಫೋನ್ ಮಾಡಿದಳು. ಅವನು ಕನ್ನಡಕ ಹುಡುಕುತ್ತಿರುವುದು, ಅವಳು ಬರೆದ ಕಾಗದ ಓದೋಕೆ ಅಂತ ಆಗ ಗೊತ್ತಾಯಿತು. ಅವನು ಮಾತ್ರ ಅವಳಿಗೆ, 'ಓದಿದೆ ಮಗಳೇ' ಅಂತ ಸುಳ್ಳು ಹೇಳಿದ. ಪರದೆ ಕಪ್ಪಾಯಿತು. ಈಗಿನ ಸಿನಿಮಾಗಳ ಹೆಸರು ಬರುವುದೇ ಹೀಗೆ, ನಾವೆಲ್ಲ ಕೂತು ಸುಧಾರಿಸಿಕೊಂಡ ಮೇಲೆ. ನಿಧಾನಕ್ಕೆ, ದೊಡ್ಡ ಅಕ್ಷರದಲ್ಲಿ, ಹೆಸರು ಮೂಡಿತು.

ಪದ್ದಿ ಮೊಬೈಲಿನ ಬೆಳಕನ್ನು ಸೆರಗಿನಲ್ಲಿ ಮುಚ್ಚಿಕೊಂಡು ಟಿಕೆಟ್ ನೋಡಿದಳು. "ಗುಂಡ, ಇದರಲ್ಲಿ ಮೂರನೇ ಸ್ಕ್ರೀನ್ ಅಂತ ಇದೆ."

"ಮಧ್ಯಾಹ್ನ ಒಂದನೇದು ಅಂತಿತ್ತು!"

"ಸಂಜೆಗೆ ಬದಲಾಯಿಸಿದ್ದಾರೆ. ಅಳೋದಕ್ಕೆ ಜನ ಜಾಸ್ತಿ ಆಗಿರಬೇಕು, ದೊಡ್ಡ ಪರದೆ ಕೊಟ್ಟಿದ್ದಾರೆ. ಹೆಲಿಕಾಪ್ಟರನ್ನು ಚಿಕ್ಕದಕ್ಕೆ ತಳ್ಳಿದ್ದಾರೆ."

ನಾನು ಕಿಟ್ಟಣ್ಣನ ಕಡೆ ತಿರುಗಿದೆ. ಅವರ ಕಣ್ಣು ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿತ್ತು. "ಕಿಟ್ಟಣ್ಣ, ನಾವು ಬೇರೆ ಸಿನಿಮಾಗೆ ಬಂದಿದ್ದೀವಿ."

"ಗೊತ್ತು. ಐದನೇ ನಿಮಿಷಕ್ಕೇ ಗೊತ್ತಾಯ್ತು. ಫ್ಲ್ಯಾಶ್‌ಬ್ಯಾಕ್ ಅಂತ ಯಾರಾದರೂ ಹೇಳ್ತೀರೇನೋ ಅಂತ ಕಾಯ್ತಿದ್ದೆ."

ಗುಂಡ ಅರ್ಧ ಎದ್ದ. "ಮೂರನೇದರಲ್ಲಿ ಇನ್ನೂ ಒಂದು ಹೊಡೆದಾಟ ಮುಗಿದಿರಲ್ಲ. ಏಳಿ, ಏಳಿ."

ಸೀನ ಅವನ ಅಂಗಿ ಹಿಡಿದು ಜಗ್ಗಿ ಕೂರಿಸಿದ. ಕತ್ತಲಲ್ಲೂ ಅವನ ಮೂಗಿನ ಸದ್ದು ಕೇಳುತ್ತಿತ್ತು.

"ಸುಮ್ನೆ ಕೂತ್ಕೋ. ಮೊದಲು ಆ ಕನ್ನಡಕ ಸಿಗಲಿ."