ಮೊಣಕಾಲು ಬರೀ ಬಿಜಾಗರಿ ಕೀಲೇ?

ಪ್ರಶ್ನೆ: ಉಡುಪಿಯಲ್ಲಿ ಬಡಗುತಿಟ್ಟು ಯಕ್ಷಗಾನ ಕಲಿಯುತ್ತಿದ್ದೇನೆ. ಮಂಡಿ ಹಾಕಿ ಸುತ್ತಿದ ರಾತ್ರಿ ಮೊಣಕಾಲು ಉರಿಯುತ್ತದೆ. ಬಾಗಿಲಿನಂತೆ ಮಡಚಲು, ಚಾಚಲು ಮಾತ್ರ ಇರುವ ಕೀಲು ಇದನ್ನು ತಾಳುತ್ತದೆಯೇ?

ಉತ್ತರ 1: ನಾನು ಫಿಸಿಯೋಥೆರಪಿಸ್ಟ್. ಪೂರ್ತಿ ಬಿಜಾಗರಿಯಲ್ಲ. ಕುರ್ಚಿಯಲ್ಲಿ ಕುಳಿತು, ತೊಡೆ ಅಲುಗಿಸದೆ ಪಾದದ ತುದಿಯನ್ನು ಒಳಗೆ, ಹೊರಗೆ ತಿರುಗಿಸಿ. ಮೊಣಕಾಲ ಕೆಳಗೆ ಕೈಯಿಟ್ಟರೆ ಮೂಳೆ ಹೊರಳುವುದು ತಿಳಿಯುತ್ತದೆ. ಕಾಲು ಚಾಚಿದರೆ ಕೀಲು ಬಿಗಿದುಕೊಳ್ಳುತ್ತದೆ, ಆ ಹೊರಳು ನಿಲ್ಲುತ್ತದೆ. ದೊಡ್ಡ ತಿರುವು ಸೊಂಟದ ಚೆಂಡು-ಗುಳಿ ಕೀಲಿನದು. ಊತವಿದ್ದರೆ ದಯವಿಟ್ಟು ಮಂಡಿ ಹಾಕಬೇಡಿ, ವೈದ್ಯರಿಗೆ ತೋರಿಸಿ.

ಉತ್ತರ 2: ನನ್ನ ಗುರುಗಳೂ ಅದನ್ನೇ ಹೇಳುತ್ತಿದ್ದರು: ‘ಸೊಂಟ ಮೊದಲು ತಿರುಗಲಿ.’ ಮೊಣಕಾಲಿಗೆ ದಪ್ಪ ಬಟ್ಟೆ ಕಟ್ಟಿಕೊಳ್ಳಿ.

ಪ್ರಶ್ನೆ ಕೇಳಿದವರು: ಈಗಷ್ಟೇ ಕೈಯಿಟ್ಟು ನೋಡಿದೆ. ನಿಜಕ್ಕೂ ಹೊರಳುತ್ತದೆ!