ಸ್ಪೀಕರ್ ಹಿಂದೆ ನಾಲ್ಕು ಟರ್ಮಿನಲ್ ಇದ್ದರೆ ಎರಡೆರಡು ವೈರ್ ಎಳೆಯಬೇಕಾ?

ಅಡ್ಮಿನ್: ಇವತ್ತು ಸಂಜೆ ಉಡುಪಿಯ ನಮ್ಮ ಆಂಪ್ (ಆಂಪ್ಲಿಫೈಯರ್) ರಿಪೇರಿಯವರು ಉತ್ತರ ಕೊಡುತ್ತಾರೆ. ವಿಷಯ ಬೈ-ವೈರಿಂಗ್ (ಒಂದು ಸ್ಪೀಕರ್‌ಗೆ ಎರಡು ಜೊತೆ ಕೇಬಲ್), ಬೈ-ಆಂಪಿಂಗ್ (ಬಾಸ್, ಟ್ರೆಬಲ್‌ಗೆ ಬೇರೆ ಬೇರೆ ಆಂಪ್). ಫಾರ್ವರ್ಡ್ ಹಾಕಬೇಡಿ.

ಸುರತ್ಕಲ್: ನಮಸ್ಕಾರ ಸಾರ್. ಹೊಸ ಟವರ್ ಸ್ಪೀಕರ್ ತಗೊಂಡೆ. ಹಿಂದೆ ನಾಲ್ಕು ಟರ್ಮಿನಲ್, ನಡುವೆ ಮೇಲಿನದನ್ನು ಕೆಳಗಿನದಕ್ಕೆ ಜೋಡಿಸುವ ಚಿನ್ನದ ಬಣ್ಣದ ಪಟ್ಟಿ. ಇನ್ನೊಂದು ಜೊತೆ ಕೇಬಲ್ ಹಾಕಿದರೆ ಬಾಸ್ ಬೇರೆ, ಟ್ರೆಬಲ್ ಬೇರೆ ಆಗ್ತದೆ ಅಂತ ಅಂಗಡಿಯಲ್ಲಿ ಹೇಳಿದರು. ರೇಟು 8,500. ಹಾಕಿಸಲಾ?

ರಿಪೇರಿಯವರು: ನಮಸ್ಕಾರ. ಬೇಡ. ಎರಡೂ ಕೇಬಲ್ ಆ ಕಡೆ ಒಂದೇ ಆಂಪಿನ ಒಂದೇ ಟರ್ಮಿನಲ್‌ಗೆ ಸೇರುತ್ತವೆ ಅಲ್ವಾ? ಮತ್ತೆ ಬೇರೆ ಆದದ್ದು ಎಲ್ಲಿ? ಬಾಸ್, ಟ್ರೆಬಲ್ ಬೇರೆ ಮಾಡುವುದು ಪೆಟ್ಟಿಗೆಯೊಳಗಿನ ಕ್ರಾಸ್‌ಓವರ್ ಎಂಬ ಸರ್ಕ್ಯೂಟ್. 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್ 5 ಮೀಟರ್ ಅಂದರೆ ಹೋಗಿ ಬರಲು 10 ಮೀಟರ್, ಸುಮಾರು 0.11 ಓಮ್. 8 ಓಮ್ ಸ್ಪೀಕರ್‌ಗೆ ನಷ್ಟ ಬರೀ 0.12 ಡೆಸಿಬೆಲ್. ಅಷ್ಟಕ್ಕೆ 8,500 ಯಾಕೆ? ಫ್ಯಾನ್ ಒಂದು ನಂಬರ್ ಕಮ್ಮಿ ಮಾಡಿ, ಇದಕ್ಕಿಂತ ಜಾಸ್ತಿ ಕೇಳುತ್ತದೆ. ವೈರ್ ಬದಲಿಸಲೇಬೇಕು ಅನಿಸಿದರೆ 2.5 ಸ್ಕ್ವೇರ್‌ನದ್ದು ಒಂದೇ ಜೊತೆ ಎಳೆಯಿರಿ, ಸಾಕು.

ಕದ್ರಿ: ನನ್ನ 7 ಚಾನೆಲ್ ರಿಸೀವರ್‌ನಲ್ಲಿ ಬೈ-ಆಂಪ್ ಅಂತ ಸೆಟ್ಟಿಂಗ್ ಉಂಟು. ಆನ್ ಮಾಡಿದರೆ ಪವರ್ ಡಬಲ್ ಅಂತೆ?

ರಿಪೇರಿಯವರು: ಖಾಲಿ ಇರುವ ಹಿಂದಿನ ಎರಡು ಚಾನೆಲ್ ಟ್ವೀಟರ್‌ಗೆ (ಟ್ರೆಬಲ್‌ನ ಚಿಕ್ಕ ಸ್ಪೀಕರ್) ಹೋಗುತ್ತದೆ, ಅಷ್ಟೇ. ಟ್ರಾನ್ಸ್‌ಫಾರ್ಮರ್ ಒಂದೇ. ಬಾವಿ ಒಂದೇ ಇದ್ದು ಕೊಡಪಾನ ಎರಡಾದರೆ ನೀರು ಜಾಸ್ತಿ ಆಗುವುದಿಲ್ಲ. ಮಾಡುವುದಾದರೆ ಪಟ್ಟಿ ತೆಗೆದು ಮಾಡಿ.

ಕುಂದಾಪುರ: ಸಾರ್, ರೆಕಾರ್ಡ್ ಪ್ಲೇಯರಿನ ಸೂಜಿ ಎಷ್ಟು ಗಂಟೆಗೊಮ್ಮೆ ಬದಲಿಸಬೇಕು?

ಮಲ್ಪೆ: ಅರ್ಜೆಂಟ್ ಸಾರ್. ಮನೆಯಲ್ಲಿ ಹಳೆಯ ಆಂಪ್ ಇತ್ತು, ಅದನ್ನು ಟ್ವೀಟರ್‌ಗೆ, ಹೊಸದನ್ನು ವೂಫರ್‌ಗೆ (ಬಾಸ್‌ನ ದೊಡ್ಡ ಸ್ಪೀಕರ್) ಕೊಟ್ಟೆ. ಹತ್ತು ನಿಮಿಷ ಚೆನ್ನಾಗಿತ್ತು. ಆಮೇಲೆ ಹಳೆಯದು ಬಿಸಿ, ಸುಟ್ಟ ವಾಸನೆ. ಈಗ ಎಡಗಡೆ ಗುಂಯ್ ಅಂತ ಸದ್ದು. ವೂಫರ್ ಮುಂದಕ್ಕೆ ಉಬ್ಬಿ ನಿಂತಿದೆ.

ರಿಪೇರಿಯವರು: ಮೊದಲು ಎರಡೂ ಆಫ್ ಮಾಡಿ. ಪ್ಲಗ್ ಕಿತ್ತು ಸ್ಪೀಕರ್ ವೈರ್ ಬಿಚ್ಚಿ, ಆಮೇಲೆ ಓದಿ.

ಪಟ್ಟಿ ತೆಗೆದಿರಲಿಲ್ಲ ಅಲ್ವಾ? ಆ ಪಟ್ಟಿ ಇದ್ದರೆ ಎರಡು ಆಂಪಿನ ಔಟ್‌ಪುಟ್ ನೇರ ಒಂದಕ್ಕೊಂದು ತಾಗಿದ ಹಾಗೆ. ಎರಡರ ಗೇನ್ (ಸಿಗ್ನಲ್ ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಎಂಬುದು) ಒಂದೇ ಇರುವುದಿಲ್ಲ. ಹೊಸದು 10 ವೋಲ್ಟ್ ಕೊಡುವಾಗ ಹಳೆಯದು 14 ಕೊಡುತ್ತದೆ ಅಂದುಕೊಳ್ಳಿ, ನಡುವೆ 4 ವೋಲ್ಟ್, ದಾರಿಯಲ್ಲಿ ಕಾಲು ಓಮ್ ತಂತಿ, ಅಲ್ಲಿಗೆ 16 ಆಂಪಿಯರ್ ಆಯಿತು. ಔಟ್‌ಪುಟ್ ಟ್ರಾನ್ಸಿಸ್ಟರ್ ಅದನ್ನು ಎಷ್ಟು ಹೊತ್ತು ತಡೆದುಕೊಳ್ಳುತ್ತದೆ? ಅದು ಶಾರ್ಟ್ ಆದರೆ ಔಟ್‌ಪುಟ್‌ನಲ್ಲಿ ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟ್, ಬರುತ್ತದೆ. ಟ್ವೀಟರ್‌ಗೆ ಸೀರೀಸಲ್ಲಿ ಕೆಪಾಸಿಟರ್ ಇರುತ್ತದೆ, ಅದು ಡಿಸಿ ಬಿಡುವುದಿಲ್ಲ. ಆದರೆ ಪಟ್ಟಿ ಇದ್ದ ಕಾರಣ ಟ್ವೀಟರ್ ಆಂಪಿನ ಡಿಸಿಯೂ ವೂಫರ್‌ಗೇ ಹೋಗಿದೆ. ಕೋನ್ ಉಬ್ಬಿದ್ದು ಅದಕ್ಕೇ.

ಪಟ್ಟಿ ತೆಗೆದು ವೂಫರ್ ಕಡೆಯ ಟರ್ಮಿನಲ್‌ಗೆ ಮೀಟರ್ ಇಟ್ಟು ಓಮ್ ನೋಡಿ. 8 ಓಮ್‌ನದ್ದು 6ರ ಹತ್ತಿರ ತೋರಿಸಬೇಕು. ಕೋನ್ ಅನ್ನು ಎರಡೂ ಕಡೆಯಿಂದ ಬೆರಳಿನಲ್ಲಿ ಮೆಲ್ಲಗೆ ಒತ್ತಿ. ಕರಕರ ಅಂದರೆ ಕಾಯಿಲ್ ಹೋಗಿದೆ. ಆಮೇಲೆ ಸ್ಪೀಕರ್ ಇಲ್ಲದೆ ಹಳೆಯ ಆಂಪ್ ಆನ್ ಮಾಡಿ ಔಟ್‌ಪುಟ್‌ನಲ್ಲಿ ಡಿಸಿ ನೋಡಿ. 50 ಮಿಲಿವೋಲ್ಟ್ ಒಳಗೆ ಇದ್ದರೆ ತೊಂದರೆ ಇಲ್ಲ. ಹೊಗೆ ಕಂಡರೆ ತಕ್ಷಣ ಆಫ್. ಮುಚ್ಚಳ ಮಾತ್ರ ತೆರೆಯಬೇಡಿ, ಒಳಗಿನ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ.

ಕಾರ್ಕಳ: ಲೆಕ್ಕ ಎಲ್ಲ ಸರಿ. ನಾನು ಬೈ-ವೈರ್ ಮಾಡಿದ ದಿನವೇ ಚೆಂಡೆಯ ಪೆಟ್ಟು ಸ್ಪಷ್ಟ ಕೇಳಿತು. ನನ್ನ ಕಿವಿ ಸುಳ್ಳಾ?

ಮಣಿಪಾಲ: ಕಿವಿ ಸುಳ್ಳಲ್ಲ, ಬಿಲ್ಲು ಸುಳ್ಳು ಹೇಳಿಸುತ್ತದೆ ಮಾರಾಯ್ರೆ.

ಕಾರ್ಕಳ: ಫೋನಿನಲ್ಲಿ ಹಾಡು ಕೇಳುವವರಿಗೆ ಇದು ಅರ್ಥ ಆಗುವುದಿಲ್ಲ.

ಮಣಿಪಾಲ: ಹೌದು, ಅರ್ಥ ಆಗಲಿಕ್ಕೆ 20 ಸಾವಿರದ ಕೇಬಲ್ ಬೇಕಲ್ಲ.

ರಿಪೇರಿಯವರು: ಕಾರ್ಕಳದವರೇ, ಸ್ಪೀಕರ್ ಮೊದಲು ಎಲ್ಲಿತ್ತು?

ಕಾರ್ಕಳ: ಪಡುಬಿದ್ರಿ ಮನೆಯಲ್ಲಿ, ನಾಲ್ಕು ವರ್ಷ.

ರಿಪೇರಿಯವರು: ಕಡಲ ಬದಿ. ತೆಗೆದ ಪಟ್ಟಿಯ ಅಡಿ ನೋಡಿ, ಹಸಿರು ಕಿಲುಬು ಇರುತ್ತದೆ. ಉಪ್ಪು ಗಾಳಿ, ನಾಲ್ಕು ಮಳೆಗಾಲ, ಸಡಿಲ ಆದ ನಟ್ಟು. ಬೈ-ವೈರ್ ಮಾಡುವಾಗ ನೀವು ಆ ಪಟ್ಟಿ ತೆಗೆದಿರಿ, ನಟ್ಟು ಬಿಗಿ ಮಾಡಿದಿರಿ. ಸುಧಾರಿಸಿದ್ದು ಅದರಿಂದ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಪಟ್ಟಿ ಉಜ್ಜಿ, ಕಿಲುಬು ಹೋಗದಿದ್ದರೆ ಒಂದು ತುಂಡು ಒಳ್ಳೆಯ ತಾಮ್ರದ ವೈರ್ ಹಾಕಿ. ಮಗನ ಹತ್ತಿರ ಹೇಳಿ, ನಿಮಗೆ ಕಾಣದ ಹಾಗೆ ಒಮ್ಮೆ ಬೈ-ವೈರ್, ಒಮ್ಮೆ ಪಟ್ಟಿ ಅಂತ ಬದಲಿಸಲಿ. ಹತ್ತು ಸಲದಲ್ಲಿ ಎಷ್ಟು ಸರಿ ಹೇಳುತ್ತೀರಿ ನೋಡುವ.

ಕಾಪು: ಫಾರ್ವರ್ಡ್ ಬಂದದ್ದು: ಟರ್ಮಿನಲ್‌ಗೆ ಹುಣಸೆಹುಳಿ, ಉಪ್ಪು ಹಚ್ಚಿ ಉಜ್ಜಿ, ಮೇಲೆ ತೆಂಗಿನೆಣ್ಣೆ ಸವರಿದರೆ ಬೈ-ವೈರಿಂಗೇ ಬೇಡ 🙏

ರಿಪೇರಿಯವರು: ಅದು ದೇವರ ದೀಪ ಅಲ್ಲ. ಸಂದಿನಲ್ಲಿ ಉಳಿದ ಹುಳಿ, ಉಪ್ಪು ಲೋಹ ತಿನ್ನುತ್ತದೆ, ಎಣ್ಣೆಗೆ ಧೂಳು ಹಿಡಿಯುತ್ತದೆ. ಕಳೆದ ತಿಂಗಳು ಇದೇ ಮಾಡಿದ ಸ್ಪೀಕರ್‌ಗೆ ನಾನು ಟರ್ಮಿನಲ್ ಪ್ಲೇಟೇ ಬದಲಿಸಿದ್ದೇನೆ. ಮಾಡಬೇಡಿ.

ಕಾಪು: ತುಂಬಾ ಜನರಿಗೆ ಒಳ್ಳೆಯದಾಗಿದೆ ಅಂತ ಬರೆದಿದ್ದಾರೆ.

ರಿಪೇರಿಯವರು: ಹಾಗಾದರೆ ಅವರ ಹತ್ತಿರವೇ ರಿಪೇರಿ ಮಾಡಿಸಿ.

ಬಿಜೈ: ಸಾರ್, ನಾಲ್ಕು ಟರ್ಮಿನಲ್ ಇದ್ದರೆ ಬೈ-ವೈರ್ ಮಾಡುವುದು ಒಳ್ಳೆಯದಾ?

ರಿಪೇರಿಯವರು: ಮೇಲೆ ಓದಿ.

ಮೂಡುಬಿದಿರೆ: ಹಾಗಾದರೆ ಬೈ-ಆಂಪ್‌ನಿಂದ ಪ್ರಯೋಜನವೇ ಇಲ್ಲವಾ?

ರಿಪೇರಿಯವರು: ಉಂಟು, ಆಂಪಿನ ಮೊದಲೇ ಬಾಸ್, ಟ್ರೆಬಲ್ ಬೇರೆ ಮಾಡುವ ಆಕ್ಟಿವ್ ಕ್ರಾಸ್‌ಓವರ್ ಇದ್ದರೆ. ಯಕ್ಷಗಾನ, ಕೋಲದ ದೊಡ್ಡ ಸೌಂಡಿನವರಲ್ಲಿ ಹಾಗೆ ಇರುವುದನ್ನು ನೋಡಿರಬಹುದು. ಮನೆಯ ಹಾಲ್‌ಗೆ ಸುಮ್ನೆ ಖರ್ಚು.

ಕುಂದಾಪುರ: ಸಾರ್, ಸೂಜಿ?

ಕಾರ್ಕಳ: ಮಗ ಬೆಂಗಳೂರಿನಲ್ಲಿದ್ದಾನೆ. ಪರೀಕ್ಷೆ ಯಾರು ಮಾಡುವುದು?

ಮಣಿಪಾಲ: ನಾನು ಬರುತ್ತೇನೆ. ಗೋಳಿಬಜೆ ಮಾಡಿಸಿ ಇಡಿ.

ಮಲ್ಪೆ: ಪಟ್ಟಿ ಇತ್ತು ಸಾರ್, ತಪ್ಪಾಯಿತು. ವೂಫರ್ 5.9 ಓಮ್, ಒತ್ತಿದಾಗ ಸದ್ದಿಲ್ಲ. ಹಳೆಯ ಆಂಪ್ ಎಡಗಡೆ ಡಿಸಿ 27 ವೋಲ್ಟ್.

ರಿಪೇರಿಯವರು: ವೂಫರ್ ಉಳಿದುಕೊಂಡಿತು. ಆಂಪಿನ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಿದೆ, ಇನ್ನು ಆನ್ ಮಾಡಬೇಡಿ. ಸೋಮವಾರ ತನ್ನಿ, ಹೊಸದನ್ನೂ ತನ್ನಿ, ಅದಕ್ಕೂ ಪೆಟ್ಟು ಬಿದ್ದಿರಬಹುದು. ಪಟ್ಟಿಯನ್ನು ಕಿಸೆಯಲ್ಲಿ ಹಾಕಿಕೊಂಡು ಬನ್ನಿ.